ಬೀಗ ಎಂದಿತ್ತು, ಗೋಡೆ ಎಂದಿರಲಿಲ್ಲ

ಕಾಪು
12 ಜೂನ್ 2024

ನಾಗವೇಣಿ,

ನೀನು ಫೋನ್ ಎತ್ತುವುದಿಲ್ಲ. ನಿನ್ನ ಗುಮಾಸ್ತ ಹೇಳಿದ, "ಮೇಡಂ ಕೇಸಿನ ಪಕ್ಷಗಾರರ ಹತ್ತಿರ ಮಾತಾಡುವ ಹಾಗಿಲ್ಲ ಸರ್." ಹಾಗಾದರೆ ಓದು. ಓದುವುದನ್ನು ನಿನಗೆ ಕಲಿಸಿದ್ದು ನಾನೇ.

ಕಳೆದ ಬುಧವಾರದ ಮಹಜರಿನ ನಕಲು ನಮ್ಮ ವಕೀಲರ ಮೂಲಕ ಬಂತು. "ಕೋರ್ಟ್ ಕಮಿಷನರ್ ಸಮ್ಮುಖದಲ್ಲಿ ಶೋಧವು ಶಾಂತಿಯುತವಾಗಿ ನಡೆಯಿತು" ಎಂದು ಬರೆದಿದ್ದೀ. ಕೆಳಗೆ ಕಮಿಷನರ್ ಎಂದು ನಿನ್ನ ದುಂಡನೆಯ ಸಹಿ. ಶಾಂತಿ ಎಂಬ ಪದದ ಅರ್ಥ ಕಲಿಸುವಾಗ ನಾನು ಎಲ್ಲೋ ತಪ್ಪಿರಬೇಕು.

ಬೆಳಿಗ್ಗೆ ಒಂಬತ್ತೂವರೆಗೆ ಮೂರು ವಾಹನ ಬಂದವು. ಆಲಿಸ್ ಅಕ್ಕ ಗಂಜಿಯ ತಪ್ಪಲೆ ಇಳಿಸುತ್ತಿದ್ದಳು. ನೀನು ಅಂಗಳದಲ್ಲಿ ನಿಂತು ಆದೇಶ ಓದಿದೆ. ಅಕ್ಕನ ಮಗ ಡೆನ್ವರ್ ಚಿನ್ನದ ಸಾಲ ಕೊಡುವ ಕಂಪನಿಯ ಕಾರ್ಕಳ ಶಾಖೆಯಲ್ಲಿ ಅಡವಿನ ಚಿನ್ನ ಪರೀಕ್ಷಿಸುವ ಕೆಲಸದಲ್ಲಿದ್ದ. ಜನ ಅಡವಿಟ್ಟ ಒಡವೆಗಳ ಜಾಗದಲ್ಲಿ ನಕಲಿ ಒಡವೆ ಸಿಕ್ಕಿದೆ. ಮಾರ್ಚ್ ತಿಂಗಳಿಂದ ಅವನ ಪತ್ತೆಯಿಲ್ಲ. ಅವನು ಬೆಳೆದದ್ದು ಈ ಮನೆಯಲ್ಲಿ. ಆದ್ದರಿಂದ ಕಂಪನಿಯವರು ಇಲ್ಲಿ ಹೊಕ್ಕು ಹುಡುಕಬಹುದು, ಅಗತ್ಯವಿದ್ದರೆ ಬೀಗ ಒಡೆಯಬಹುದು. ಬೀಗ ಎಂದಿತ್ತು. ಗೋಡೆ ಎಂದಿರಲಿಲ್ಲ, ನೆಲ ಎಂದಿರಲಿಲ್ಲ. ನಾನು ಬೀಗದ ಕೈಗೊಂಚಲನ್ನು ನಿನ್ನ ಕೈಯಲ್ಲೇ ಕೊಟ್ಟೆ. ಹಾಗಾಗಿ ಒಂದು ಬೀಗವೂ ಒಡೆಯಲಿಲ್ಲ. ಮಹಜರಿನಲ್ಲಿರುವ ನಿಜ ಅದೊಂದೇ.

ಕಂಪನಿಯ ಮಣಿಪಾಲ ಕಚೇರಿಯ ಮ್ಯಾನೇಜರ್ ಕಾರ್ಲ್ಟನ್ ಲೋಹ ಹುಡುಕುವ ಮಷಿನನ್ನು ಅಡುಗೆಮನೆಯ ಗೋಡೆಗೆ ಹಿಡಿದ. ಅದು ಕೂಗಿತು. ಮಲಗುವ ಕೋಣೆಗೆ ಹಿಡಿದ, ಕೂಗಿತು. ನೆಲಕ್ಕೆ ಹಿಡಿದ, ಕೂಗಿತು. ನಾನು ಹೇಳಿದೆ, "ಇದು ಮುರಕಲ್ಲಿನ ಮನೆ. ಈ ಕಲ್ಲಿನಲ್ಲಿ ಕಬ್ಬಿಣದ ಅಂಶ ಉಂಟು, ಅದಕ್ಕೇ ಇದು ಕೆಂಪು. ನಿಮ್ಮ ಮಷಿನ್ ನಮ್ಮ ಇಗರ್ಜಿಗೆ ಹಿಡಿದರೂ ಕೂಗುತ್ತದೆ, ಬಾವಿಕಟ್ಟೆಗೆ ಹಿಡಿದರೂ ಕೂಗುತ್ತದೆ."

ಅವನು ನಕ್ಕ. "ಅಂಕಲ್, ಎಂತಕ್ಕೆ ಇಷ್ಟು ಪಾಠ? ಏನೂ ಇಲ್ಲ ಅಂತಾದರೆ ಹೆದರಿಕೆ ಎಂತದ್ದು?"

ಆಮೇಲೆ ಕಲ್ಲು ಒಡೆಯುವ ಬ್ರೇಕರ್ ಮಷಿನ್ ಶುರುವಾಯಿತು. ನಾಲ್ಕು ಕೋಣೆಗಳ ನೆಲ ಎದ್ದುಹೋಯಿತು. ಅಡುಗೆಮನೆಯ ಗೋಡೆ ಹಿತ್ತಿಲಿಗೆ ಬಿತ್ತು, ಗಂಜಿಯ ತಪ್ಪಲೆಯೂ ಜೊತೆಗೆ. ಚಾವಡಿಯಲ್ಲಿ ಪ್ರಾರ್ಥನೆ ಮಾಡುವ ಅಲ್ತಾರಿನ ಬಳಿ ಬಂದಾಗ ಅಕ್ಕ ಶಿಲುಬೆಯನ್ನು ಎದೆಗವಚಿ, ಬೆನ್ನನ್ನು ಗೋಡೆಗೆ ಒತ್ತಿ ನಿಂತಳು. ಅರವತ್ತೆಂಟು ವರ್ಷದ ಹೆಂಗಸು. ಕಪ್ಪು ಟೀಶರ್ಟಿನವನೊಬ್ಬ ಅವಳ ಕೈ ಹಿಡಿದು ಹಿಂದಕ್ಕೆ ತಿರುಚಿದ. ಒಣ ತೆಂಗಿನ ಮಡಲು ಮುರಿದಂಥ ಸದ್ದು ಕೇಳಿತು. ನೀನು ಎರಡು ಮಾರು ದೂರದಲ್ಲಿದ್ದೆ. ಆಮೇಲೆ ಗಲಾಟೆಯಾಯಿತು, ನೀವೆಲ್ಲ ಹೊರಟುಹೋದಿರಿ.

ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಕಡಲಿನಿಂದ ಕಳ್ಳ ಚಿನ್ನ ಇಳಿಯುತ್ತಿದ್ದ ಕಾಲದಲ್ಲಿ, ಕಸ್ಟಮ್ಸಿನವರು ನಮ್ಮ ಹಳೆಯ ಮನೆಗೂ ಬಂದಿದ್ದರು. ಅವರ ಅಧಿಕಾರಿ ಬೂಟು ಬಿಚ್ಚಿ ಒಳಗೆ ಬಂದ. ಹೊರಡುವಾಗ "ಎರಡು ಪೆಟ್ಟಿಗೆ ತೆರೆದೆವು, ಮುಚ್ಚಿದೆವು" ಎಂದು ಬರೆದುಕೊಟ್ಟ. ಅಪ್ಪ ಆ ಸಿಟ್ಟನ್ನು ಮೂರು ವರ್ಷ ಇಟ್ಟುಕೊಂಡು ಎಪ್ಪತ್ತೇಳರ ಚುನಾವಣೆಯಲ್ಲಿ ಮತಪೆಟ್ಟಿಗೆಗೆ ಹಾಕಿ ಬಂದರು. ಈ ಕಂಪನಿಯ ಮೇಲಿನ ಸಿಟ್ಟನ್ನು ನಾನು ಯಾವ ಪೆಟ್ಟಿಗೆಗೆ ಹಾಕಲಿ?

ಮಹಜರು ಆಗಿಹೋಯಿತು. ಆದರೆ ಕೋರ್ಟಿಗೆ ನಿನ್ನ ವರದಿ ಇನ್ನೂ ಹೋಗಿಲ್ಲ. ಅದರಲ್ಲಿ ಗೋಡೆಗಳನ್ನು ಬರೆ. ಅಕ್ಕನ ಕೈಯನ್ನು ಬರೆ.

ಇತಿ,
ಕಜೆಟನ್ ಮೆಂಡೋನ್ಸಾ


ಉಡುಪಿ
3 ಜುಲೈ 2024

ಸರ್,

ಈ ಪತ್ರವನ್ನು ನಾನು ಬರೆಯಬಾರದು. ಓದಿ ಹರಿಯಿರಿ ಎಂದು ಹೇಳಿದರೂ ಪ್ರಯೋಜನವಿಲ್ಲ, ನೀವು ಕಾಗದ ಹರಿಯುವವರಲ್ಲ.

"ಆಮೇಲೆ ಗಲಾಟೆಯಾಯಿತು" ಎಂದು ಬರೆದಿದ್ದೀರಿ. ನಾವು ಪ್ರಬಂಧದಲ್ಲಿ ಹೀಗೆ ಬರೆದರೆ ನೀವು ಪಕ್ಕದಲ್ಲಿ ಕೆಂಪು ಶಾಯಿಯಿಂದ "ಯಾರು? ಏನು?" ಎಂದು ಕೇಳುತ್ತಿದ್ದಿರಿ. ಯಾರು, ಏನು ಎಂದು ಈಗ ನಾನು ಬರೆಯುತ್ತೇನೆ.

ನೀವು ಅಡುಗೆಮನೆಯ ಬಾಗಿಲ ಹಿಂದಿನಿಂದ ಕಾಯಿ ಒಡೆಯುವ ಕತ್ತಿ ತಂದಿರಿ. ಆಲಿಸ್ ಅಕ್ಕನ ಕೈ ತಿರುಚಿದವನು ಅಷ್ಟರಲ್ಲಿ ಹಿಂದೆ ಸರಿದಿದ್ದ. ಬ್ರೇಕರ್ ನಡೆಸುತ್ತಿದ್ದ ಹುಡುಗ ಮಷಿನ್ ಕೆಳಗಿಟ್ಟು, ಅಕ್ಕ ಬೀಳದ ಹಾಗೆ ಹಿಡಿಯಲು ಬಂದು, ಅಲ್ತಾರಿನ ಮರದ ಚೌಕಟ್ಟಿಗೆ ಒಂದು ಕೈ ಕೊಟ್ಟು ನಿಂತಿದ್ದ. ನಿಮ್ಮ ಕತ್ತಿ ಆ ಕೈಯ ಮೇಲೆ ಬಿತ್ತು. ಎರಡು ಬೆರಳು ಹೋದವು. ಒಂದು ಮೇಣದ ಬತ್ತಿಗಳ ನಡುವೆ ಬಿದ್ದಿತ್ತು, ಇನ್ನೊಂದನ್ನು ಕಲ್ಲಿನ ಪುಡಿಯಲ್ಲಿ ಹುಡುಕಬೇಕಾಯಿತು. ಹುಡುಕಿದವಳು ನಾನು. ಪೇಟೆಯಲ್ಲಿ ಮೀನು ಮಾರುವ ಹೆಂಗಸಿನ ಹತ್ತಿರ ಐಸ್ ಕೇಳಿದಾಗ ಅವಳು, "ಯಾವ ಮೀನಿಗೆ ಅಮ್ಮಾ?" ಎಂದಳು. ಮಣಿಪಾಲದ ಆಸ್ಪತ್ರೆಯಲ್ಲಿ ಒಂದು ಬೆರಳನ್ನು ಜೋಡಿಸಿದ್ದಾರೆ. ಇನ್ನೊಂದು ಕಪ್ಪಾಯಿತು, ತೆಗೆದರು.

ಆ ಹುಡುಗನ ಹೆಸರು ಭೀಮೇಶ. ನನ್ನ ಸೋದರಮಾವನ ಮಗ. ಊರಿಂದ ಬಂದು ಹಿರಿಯಡ್ಕದಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ಯಾರ ಮನೆ ಒಡೆಯಲಿಕ್ಕೆ ಹೋಗುವುದೆಂದು ಗುತ್ತಿಗೆದಾರ ಅವನಿಗೆ ಹೇಳಿರಲಿಲ್ಲ. ಕಾರಿನಲ್ಲಿ ಟವೆಲು ಸುತ್ತಿದ ಕೈ ಎತ್ತಿ ಹಿಡಿದು ನನ್ನನ್ನೇ ಕೇಳಿದ, "ಅಕ್ಕಾ, ಮಾಸ್ತರನ್ನ ಪೊಲೀಸ್ರು ಒಯ್ತಾರೇನು?" ಆಮೇಲೆ ತಾನೇ, "ಮಷಿನ್ ಬಡೀತು ಅಂತ ಹೇಳ್ಲೇನು?" ಎಂದ. ನಾನು ಹ್ಞೂಂ ಎಂದೆ. ಆಸ್ಪತ್ರೆಯಲ್ಲಿ ಹಾಗೆಯೇ ಹೇಳಿದ. ಶಾಂತಿಯುತ ಎಂದು ಬರೆದದ್ದು ಕಂಪನಿಗಾಗಿ ಎಂದು ನೀವು ತಿಳಿದಿದ್ದೀರಿ. ಆ ಪದದ ಅಡಿಯಲ್ಲಿ ಅಕ್ಕನ ಕೈಯೂ ಉಂಟು, ಭೀಮೇಶನ ಬೆರಳೂ ಉಂಟು. ಒಂದನ್ನು ಎತ್ತಿದರೆ ಇನ್ನೊಂದು ಜೊತೆಗೇ ಬರುತ್ತದೆ.

ಇನ್ನೊಂದು ವಿಷಯ. ಶೋಧಕ್ಕೆ ಮೊದಲು ನಾನು ನಿಮ್ಮನ್ನು ಕೇಳಿದೆ, "ಈ ಮನೆಯಲ್ಲಿ ಗುಪ್ತವಾದ ಗೂಡು, ಕಪಾಟು ಏನಾದರೂ ಉಂಟೇ?" ನೀವು ಇಲ್ಲ ಎಂದಿರಿ. ನನ್ನ ಮುಖ ನೋಡದೆ ಹೇಳಿದಿರಿ. ನಿಮ್ಮ ಮನೆ ಕಟ್ಟಿದ್ದು ನನ್ನ ಅಪ್ಪ ಕಲ್ಲಯ್ಯ. ಆಗ ನಾನು ನಿಮ್ಮ ಜಗಲಿಯಲ್ಲಿ ಕುಳಿತು ಮಗ್ಗಿ ಬರೆಯುತ್ತಿದ್ದೆ. ಅಲ್ತಾರಿನ ಹಿಂದೆ, ನೆಲದಿಂದ ಮೂರನೇ ವರಸೆಯಲ್ಲಿ, ಒಂದು ಕಲ್ಲಿನ ನುಣ್ಣಗೆ ಕೆತ್ತಿದ ಬದಿಯನ್ನು ಅಪ್ಪ ಒಳಗೆ ಮಾಡಿ ಇಟ್ಟದ್ದು ನನಗೆ ಗೊತ್ತು. ಅದರ ಹಿಂದೆ ಗೂಡು ಬಿಟ್ಟದ್ದೂ ಗೊತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ವರದಿ ಕೊಡಲು ಸೆಪ್ಟೆಂಬರ್ ಮೂವತ್ತರವರೆಗೆ ಸಮಯವುಂಟು.

ನಿಮ್ಮ,
ನಾಗವೇಣಿ


ಕಾಪು
10 ಜುಲೈ 2024

ನಾಗವೇಣಿ,

ಆ ಹುಡುಗ ನಿಮ್ಮವನೆಂದು ನನಗೆ ಗೊತ್ತಿರಲಿಲ್ಲ. ಬೇರೆಯವನಾಗಿದ್ದರೂ ನನ್ನ ಕೃತ್ಯ ಅಷ್ಟೇ ಕೆಟ್ಟದು. ಅದನ್ನು ಬರೆಯಲು ಕೈ ಏಳಲಿಲ್ಲ. ಕತ್ತಿಯನ್ನು ತೊಳೆದದ್ದು ಅಕ್ಕ. ಎಡಗೈಯಲ್ಲಿ ತೊಳೆದಳು, ಬಲಗೈಗೆ ಪ್ಲಾಸ್ಟರ್ ಇತ್ತು.

ಗೂಡು ಉಂಟು. ಅದರಲ್ಲಿ ಲೀನಾಳ ಕರಿಮಣಿ ಸರ ಮತ್ತು ಎರಡು ಬಳೆ, ಅವಳದೇ ಕರವಸ್ತ್ರದಲ್ಲಿ ಕಟ್ಟಿಟ್ಟದ್ದು. ಅವಳು ತೀರಿಕೊಂಡ ವಾರ ಇಟ್ಟೆ, ಹತ್ತು ವರ್ಷದಿಂದ ತೆರೆದಿಲ್ಲ. ಸತ್ತ ಹೆಂಡತಿಯ ಸರವನ್ನು ಕಾರ್ಲ್ಟನ್ ಬೆಳಕಿಗೆ ಹಿಡಿದು ನೋಡುವುದು ನನಗೆ ಬೇಡವಾಗಿತ್ತು. ಇಲ್ಲ ಎಂದೆ. ಕೋರ್ಟಿಗೆ ಸುಳ್ಳು ಹೇಳಿದೆ. ಆದರೆ ಡೆನ್ವರ್ ಕಳ್ಳನಲ್ಲ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಹಿಂದಿರುಗಿಸಲು ಓಡುತ್ತಿದ್ದ ಹುಡುಗ ಅವನು. ಮೇಲಿನವರು ತಿಂದು ಇವನ ತಲೆಗೆ ಕಟ್ಟಿದ್ದಾರೆ, ಹೆದರಿ ಓಡಿದ್ದಾನೆ. ಇಷ್ಟು ನನಗೆ ಖಚಿತ.

ಭೀಮೇಶನನ್ನು ನೋಡಲು ಬರಬಹುದೇ?

ಕಜೆಟನ್


ಉಡುಪಿ
22 ಆಗಸ್ಟ್ 2024

ಸರ್,

ನೀವು ಬಂದು ಹೋದದ್ದನ್ನು ಅವ್ವ ಹೇಳಿದಳು. ಭೀಮೇಶ ಎಡಗೈಯಲ್ಲಿ ಚಹಾ ಕೊಟ್ಟನಂತೆ, ನೀವು ಕುಡಿಯದೆ ಲೋಟ ಕೆಳಗಿಟ್ಟಿರಂತೆ. "ಮಾಸ್ತರು ಚಹಾ ಬಿಟ್ಟು ನನ್ನ ಬೆರಳನ್ನೇ ಎಣಸಾಕತ್ತಿದ್ರು ಅಕ್ಕಾ" ಎಂದು ಅವನು ನಗುತ್ತಾನೆ. ಅವನಿಗೆ ಎಲ್ಲದಕ್ಕೂ ನಗು.

ಆದರೆ ಕೆಲಸವಿಲ್ಲ. ಬ್ರೇಕರ್ ಹಿಡಿಯಲು ಐದು ಬೆರಳೂ ಬೇಕು. ಪರಿಹಾರ ಕೇಳಲು ಹೋದರೆ ಗುತ್ತಿಗೆದಾರ, "ಮಷಿನ್ ಬಡೀತು ಅಂತ ನೀನೇ ಬರೆಸಿದ್ದೀಯಲ್ಲ ಮಾರಾಯ, ನಿನ್ನ ಅಜಾಗ್ರತೆಗೆ ನಾನೆಂತ ಮಾಡುವುದು" ಎಂದ. ನಾನು ಹೇಳಿಸಿದ ಸುಳ್ಳು ಈಗ ಅವನ ಬಾಯಲ್ಲಿ ನಿಜವಾಗಿ ಕೂತಿದೆ.

ನಿಮಗೆ ಹೇಳದ ಇನ್ನೊಂದು ಮಾತು. ನಾನು ಕಾನೂನು ಓದುವಾಗ ಅವ್ವ ತನ್ನ ಚಿನ್ನದ ಬೋರಮಾಳ ಸರವನ್ನು ಅಡವಿಟ್ಟದ್ದು ಅದೇ ಕಾರ್ಕಳ ಶಾಖೆಯಲ್ಲಿ. ಫೆಬ್ರವರಿಯಲ್ಲಿ ಬಿಡಿಸಲು ಹೋದಾಗ ಅವರು ಕೊಟ್ಟ ಸರವನ್ನು ಅವ್ವ ಬಾಯಲ್ಲಿಟ್ಟು ಕಚ್ಚಿ, "ಇದು ನಂದಲ್ಲ" ಎಂದಳು. ಯಾರೂ ನಂಬಲಿಲ್ಲ. ಆಮೇಲೆ ಉಳಿದವರೂ ಹೇಳತೊಡಗಿದರು. ಮೊದಲು ಹೇಳಿದವಳು ಅವಳು. ಇದನ್ನು ನಾನು ನ್ಯಾಯಾಲಯಕ್ಕೆ ತಿಳಿಸಿ ಕಮಿಷನರ್ ಕೆಲಸದಿಂದ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಬೇರೆಯವರು ಬಂದರೆ ನಿಮ್ಮ ಮನೆಗೆ ಹೆಚ್ಚು ಏಟು ಬೀಳಬಹುದು ಎಂದುಕೊಂಡೆ. ನಾನಿದ್ದು ಯಾವ ಏಟು ಕಡಿಮೆಯಾಯಿತು?

ಕಾರ್ಲ್ಟನ್ ದಿನಕ್ಕೆರಡು ಸಲ ಕಚೇರಿಗೆ ಬರುತ್ತಾನೆ. ಅಲ್ತಾರಿನ ಗೋಡೆ ಬಾಕಿ ಉಳಿದಿದೆ ಎಂದು ನಾನು ಬರೆದರೆ ಸಾಕು, ಪೊಲೀಸ್ ಬಂದೋಬಸ್ತಿನೊಂದಿಗೆ ಎರಡನೇ ಶೋಧಕ್ಕೆ ಕೇಳುತ್ತಾರಂತೆ. ಗೂಡಿನ ವಿಷಯ ಬರೆದರೆ ನಿಮ್ಮ ಸುಳ್ಳು ಹೊರಬರುತ್ತದೆ. ಬರೆಯದಿದ್ದರೆ ನಾನು ಕೋರ್ಟಿಗೆ ಎರಡನೇ ಸಲ ಮೋಸ ಮಾಡಿದಂತೆ.

ಸರ್, ಗೂಡನ್ನು ನೀವೇ ತೆರೆಯಿರಿ. ಏನುಂಟು ಎಂದು ಒಂದು ಸಾಲು ಬರೆಯಿರಿ. ಲೀನಾ ಟೀಚರ ಸರ ಮಾತ್ರ ಎಂದು ನೀವು ಬರೆದರೆ ನಾನು ನಂಬುತ್ತೇನೆ.

ನಾಗವೇಣಿ


ಕಾಪು
10 ಸೆಪ್ಟೆಂಬರ್ 2024

ನಾಗವೇಣಿ,

ನಿನ್ನ ಪತ್ರ ಬಂದ ಮೇಲೂ ಎರಡು ವಾರ ನಾನು ಗೂಡನ್ನು ತೆರೆಯಲಿಲ್ಲ. ಲೀನಾಳ ಮೇಲಿನ ಗೌರವದಿಂದ ಎಂದು ನನಗೆ ನಾನೇ ಹೇಳಿಕೊಂಡೆ.

ಮೊನ್ನೆ ಭಾನುವಾರ ನಮಗೆ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ತಂದು ಅಲ್ತಾರಿನಲ್ಲಿಟ್ಟು, ಕಾಳು ಸುಲಿದು ಪಾಯಸಕ್ಕೆ ಹಾಕುವ ದಿನ. ಅಲ್ತಾರೇ ಇಲ್ಲ. ಚೌಕಟ್ಟು ಮುರಿದು ಮೂಲೆಯಲ್ಲಿದೆ, ನಿನಗೆ ಗೊತ್ತಿರುವ ಕಲೆ ಅದರಲ್ಲಿ ಹಾಗೇ ಉಂಟು. ತೆನೆಯನ್ನು ಕಲ್ಲುಗಳ ಸಂದಿಗೆ ಸಿಕ್ಕಿಸೋಣ ಎಂದು ಬಗ್ಗಿದೆ. ಮೂರನೇ ವರಸೆಯ ಆ ಕಲ್ಲಿನ ಸುತ್ತ ಸಂದಿಯೇ ಇರಲಿಲ್ಲ. ನಿನ್ನ ಅಪ್ಪ ಅದನ್ನು ಗಾರೆಯಿಲ್ಲದೆ ಕೂರಿಸಿದ್ದ, ಬೆರಳು ತೂರಿಸಿ ಎಳೆದರೆ ಬರುವಂತೆ. ಈಗ ಅದರ ಸುತ್ತ ಸಿಮೆಂಟು ಮೆತ್ತಿತ್ತು. ಹಳೆಯ ಸಿಮೆಂಟಲ್ಲ.

ಅಕ್ಕ ಹಿಂದೆ ನಿಂತಿದ್ದಳು. "ಹಬ್ಬದ ದಿನ ಬೇಡ ಕಜ್ಜು" ಎಂದಳು.

ನಾನು ಉಳಿ ತಂದೆ.

ಒಳಗೆ ಒಡವೆ ತುಂಬಿದ ಕಂಪನಿಯ ಲಕೋಟೆಗಳು. ಅಡವಿಟ್ಟವರ ಹೆಸರು, ಊರು, ಮೇಲೆ ಡೆನ್ವರನ ಸಣ್ಣ ಸಹಿ. ಕಾರ್ಕಳ, ಪೆರ್ಡೂರು, ಹಿರಿಯಡ್ಕ. ಐದನೆಯದೋ ಆರನೆಯದೋ ತೆಗೆದಾಗ "ರತ್ನವ್ವ ಕಲ್ಲಯ್ಯ" ಎಂದಿತ್ತು. ಎಲ್ಲಕ್ಕಿಂತ ಹಿಂದೆ ಲೀನಾಳ ಕರವಸ್ತ್ರ ಇತ್ತು. ಬಿಚ್ಚಿದರೆ ಖಾಲಿ. ಸರವೂ ಇಲ್ಲ, ಬಳೆಯೂ ಇಲ್ಲ. ಮತ್ತೆ ಅಚ್ಚುಕಟ್ಟಾಗಿ ಗಂಟು ಹಾಕಿಟ್ಟಿದ್ದ.

"ನಿನಗೆ ಗೊತ್ತಿತ್ತಾ?" ಎಂದು ಅಕ್ಕನನ್ನು ಕೇಳಿದೆ.

"ಮಾರ್ಚಿನ ಒಂದು ಭಾನುವಾರ, ನೀನು ಪೂಜೆಗೆ ಹೋದಾಗ ಡೆನ್ವರ್ ಬಂದಿದ್ದ. ನನ್ನ ಗಂಜಿ ತಪ್ಪಲೆಯಲ್ಲೇ ಸಿಮೆಂಟು ಕಲಸಿದ. ತಿಕ್ಕಿ ತಿಕ್ಕಿ ಸಾಕಾಯಿತು."

"ಮತ್ತೆ ಆ ದಿನ ಗೋಡೆಗೆ ಅಂಟಿಕೊಂಡು ನಿಂತದ್ದು?"

"ನೀನೆಂತ ಎಣಿಸಿದ್ದೆ?"

"ದೇವರಿಗಾಗಿ ಅಂತ."

"ದೇವರನ್ನು ಯಾರು ಕೊಂಡುಹೋಗ್ತಾರೆ ಮಾರಾಯ," ಎಂದಳು. ಆಮೇಲೆ ಕುಳಿತು, ಸರಿಯಾಗಿ ಕೂಡದ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಪಾಯಸ ಒಲೆಯಲ್ಲಿ ಸೀದುಹೋಯಿತು.

ನಾನು ಅವಳನ್ನು ಹೊಡೆಯಲು ಕೈಯೆತ್ತಿದೆ. ಇದನ್ನು ಬರೆಯಬೇಕು, ಇನ್ನು ಮೇಲೆ "ಗಲಾಟೆಯಾಯಿತು" ಎಂದು ಬರೆಯುವುದಿಲ್ಲ. ಎತ್ತಿದ ಕೈಯಲ್ಲಿ ಉಳಿ ಇತ್ತು. ಅವಳು ತಲೆ ತಗ್ಗಿಸಿ ಏಟಿಗೆ ಕಾದಳು, ತಪ್ಪಿಸಿಕೊಳ್ಳಲಿಲ್ಲ. ಉಳಿಯನ್ನು ಅಂಗಳಕ್ಕೆ ಎಸೆದೆ.

ಕಂಪನಿಯ ಅನುಮಾನ ಸರಿಯಾಗಿತ್ತು. ಈ ವಾಕ್ಯ ಬರೆಯಲು ನನಗೆ ಎರಡು ದಿನ ಹಿಡಿಯಿತು. ಎಲ್ಲವನ್ನೂ ಲೈಟ್‌ಹೌಸಿನ ಬಂಡೆಯಿಂದ ಕಡಲಿಗೆ ಹಾಕೋಣ ಎನಿಸಿತು. ಒಬ್ಬೊಬ್ಬರ ಮನೆಬಾಗಿಲಿಗೆ ನಾನೇ ಹೋಗಿ ಕೊಡೋಣ ಎಂದೂ ಎನಿಸಿತು. ಅದು ನನ್ನ ಮಾನ ಉಳಿಸಿಕೊಳ್ಳುವ ದಾರಿ, ಅಷ್ಟೇ. ಅವರ ಅನುಮಾನ ಸರಿಯಾಗಿತ್ತು ಎಂದ ಮಾತ್ರಕ್ಕೆ ಅಕ್ಕನ ಕೈ ಮುರಿದದ್ದು ಸರಿಯಾಗುವುದಿಲ್ಲ. ಕೈ ಮುರಿದರೆಂದು ಚಿನ್ನ ನಮ್ಮದಾಗುವುದೂ ಇಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬಲ್ಲವಳು ನೀನೊಬ್ಬಳೇ.

ಆದೇಶ ಹಿಡಿದುಕೊಂಡು ಬಾ. ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಾ. ಅದೇ ಪ್ರಶ್ನೆಯನ್ನು ಮತ್ತೆ ಕೇಳು, ಉತ್ತರ ಕೊಡುತ್ತೇನೆ. ಎಲ್ಲವನ್ನೂ ಒಳಗಿಟ್ಟು ಕಲ್ಲನ್ನು ಮತ್ತೆ ಕೂರಿಸಿದ್ದೇನೆ, ಅದನ್ನು ಕೈಯಿಂದ ತೆಗೆಯೋಣ. ನಿನ್ನ ಅಪ್ಪ ಬಂದರೆ ಒಳ್ಳೆಯದು. ಮರುದಿನ ನಾನು ಠಾಣೆಗೆ ಹೋಗಿ ಕತ್ತಿಯ ವಿಷಯ ಹೇಳುತ್ತೇನೆ. ಭೀಮೇಶನಿಗೂ ನಿಜ ಹೇಳಲು ಹೇಳು.

ಕಜೆಟನ್ ಮೆಂಡೋನ್ಸಾ


ಉಡುಪಿ
18 ನವೆಂಬರ್ 2024

ಸರ್,

ನೀವು ಹಿರಿಯಡ್ಕದ ಜೈಲಿನಲ್ಲಿ ಹನ್ನೊಂದು ದಿನ ಇದ್ದಾಗ ನಮ್ಮ ಮನೆಯಿಂದ ಊಟ ಕಳಿಸಲು ಅವ್ವ ನೋಡಿದಳು, ಒಳಗೆ ಬಿಡಲಿಲ್ಲ. ಜಾಮೀನು ಸಿಕ್ಕ ಮೇಲೆ ಬರೆಯೋಣ ಎಂದು ಕಾದೆ.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಗೋಡೆಗಳನ್ನು, ಕೈಯನ್ನು, ಕತ್ತಿಯನ್ನು, ಗೂಡನ್ನು. ಗೊತ್ತಿದ್ದೂ ನಾನು ಹೇಳದ್ದನ್ನು, ಭೀಮೇಶನ ಬಾಯಲ್ಲಿ ಸುಳ್ಳು ಹೇಳಿಸಿದ್ದನ್ನು, ಅವ್ವನ ಬೋರಮಾಳವನ್ನು. ನನ್ನನ್ನು ಕಮಿಷನರ್ ಕೆಲಸದಿಂದ ತೆಗೆದರು. ವಕೀಲಿಕೆಯ ಸನದು ಏಕೆ ಅಮಾನತು ಮಾಡಬಾರದು ಎಂದು ನೋಟೀಸು ಬಂದಿದೆ. ಅದಕ್ಕೆ ಉತ್ತರ ಬರೆಯುತ್ತಿದ್ದೇನೆ, ಸುತ್ತಿ ಬಳಸಿ ಬರೆಯುವುದಿಲ್ಲ. ಭೀಮೇಶ ಗುತ್ತಿಗೆದಾರನ ಮೇಲೂ ನಿಮ್ಮ ಮೇಲೂ ದೂರು ಕೊಟ್ಟಿದ್ದಾನೆ. "ಮಾಸ್ತರ ಮ್ಯಾಲ ಬ್ಯಾಡಾಗಿತ್ತು" ಎಂದು ಈಗಲೂ ಗೊಣಗುತ್ತಾನೆ. ಒಡವೆಗಳು ಕೋರ್ಟಿನ ವಶದಲ್ಲಿವೆ. ಅವ್ವ ತನ್ನದನ್ನು ಗುರುತಿಸಿ ಬಂದಳು, ಮತ್ತೆ ಕಚ್ಚಿ ನೋಡಿಯೇ.

ಕಾರ್ಲ್ಟನ್ ಕೋರ್ಟಿನ ಮೆಟ್ಟಿಲಲ್ಲಿ ಸಿಕ್ಕಿದ. "ನೋಡಿದಿರಾ ಮೇಡಂ, ನಮ್ಮ ಮಷಿನ್ ಸರಿಯೇ ಹೇಳಿತ್ತಲ್ಲ?" ಎಂದ. "ನಿಮ್ಮ ಮಷಿನ್ ಎಲ್ಲ ಕಲ್ಲಿಗೂ ಕೂಗಿತ್ತು" ಎಂದೆ. ಅವನಿಗೆ ಕೇಳಲಿಲ್ಲವೋ ಏನೋ.

ಸರ್, ಬರೆಯಬೇಕಾದ ಮಾತು ಇನ್ನೂ ಉಂಟು. ಶಾಖೆಯ ಉಳಿದ ನೌಕರರ ಮನೆಗಳನ್ನೂ ಶೋಧಿಸಬೇಕೆಂದು ಕಂಪನಿ ಮೂರು ಅರ್ಜಿ ಹಾಕಿತ್ತು. ಒಂದೊಂದಕ್ಕೂ ನನ್ನ ವರದಿಯ ನಕಲು ಲಗತ್ತಿಸಿದ್ದಾರೆ. ಅಕ್ಕನ ಕೈ ಇರುವ ಪುಟ ಇಲ್ಲ, ಗೂಡಿನ ಪುಟ ಮಾತ್ರ ಇದೆ. ಮೊದಲ ಆದೇಶ ಹೊರಬಂದಿದೆ. ಎಲ್ಲೂರಿನ ಮನೆ, ಹಿಂದೆ ಶಾಖೆಯಲ್ಲಿ ಕ್ಯಾಷಿಯರ್ ಆಗಿದ್ದ ಕ್ಲಾಯ್ಡ್ ಅವರದು. ಅವರೀಗ ಗಲ್ಫಿನಲ್ಲಿದ್ದಾರೆ, ಹೆಂಡತಿ ರೇಚಲ್ ಒಬ್ಬರೇ ಇರುವುದು. ಆದೇಶದ ಪ್ರತಿ ನೋಡಿದೆ. "ಅಗತ್ಯವಿದ್ದರೆ ಬೀಗ ಹಾಗೂ ಗೋಡೆ ಒಡೆಯಬಹುದು" ಎಂದಿದೆ.

ಮುಂದಿನ ತಿಂಗಳ ಎರಡನೇ ತಾರೀಕು ಹೋಗುತ್ತಾರೆ.

ನಾಗವೇಣಿ


ಕಾಪು
25 ನವೆಂಬರ್ 2024

ಶ್ರೀಮತಿ ರೇಚಲ್ ಅವರಿಗೆ,
ಎಲ್ಲೂರು

ನಿಮಗೆ ನನ್ನ ಪರಿಚಯವಿಲ್ಲ. ಕಾಪುವಿನಲ್ಲಿ ಗೋಡೆಯೊಳಗೆ ಚಿನ್ನ ಸಿಕ್ಕಿತೆಂದು ಕೇಳಿರುತ್ತೀರಿ. ಅದು ನನ್ನ ಮನೆ.

ಡಿಸೆಂಬರ್ ಎರಡರ ಬೆಳಿಗ್ಗೆ ಕಂಪನಿಯವರು ನಿಮ್ಮಲ್ಲಿಗೆ ಬರುತ್ತಾರೆ. ಅವರ ಕೈಯಲ್ಲಿ ಆದೇಶವಿರುತ್ತದೆ, ತಡೆಯಲು ಹೋಗಬೇಡಿ. ಆದರೆ ಅಂಗಳದಲ್ಲಿ ನಿಲ್ಲಿಸಿ ಪೂರ್ತಿ ಓದಿಸಿ, ಅವಸರ ಮಾಡಿದರೆ ಮತ್ತೊಮ್ಮೆ ಓದಿಸಿ. ಬೀಗಗಳನ್ನೆಲ್ಲ ಮೊದಲೇ ತೆಗೆದಿಡಿ. ಗೋಡೆ ಮುಟ್ಟುವ ಮೊದಲು ಯಾವ ಕಲ್ಲು, ಯಾಕೆ ಎಂದು ಬರೆಯಿಸಿಕೊಳ್ಳಿ. ಮಷಿನ್ ಕೂಗಿದರೆ ಗಾಬರಿಯಾಗಬೇಡಿ, ಅಂಗಳದ ಒಂದು ಸಡಿಲ ಕಲ್ಲನ್ನು ತಂದು ಅದರ ಮುಂದಿಡಿ. ಅದಕ್ಕೂ ಕೂಗುತ್ತದೆ. ಅದನ್ನೂ ಬರೆಯಿಸಿ. ನಾಗವೇಣಿ ಎಂಬ ವಕೀಲೆ ಅಂದು ನಿಮ್ಮ ಗೇಟಿನ ಹೊರಗೆ ನಿಂತಿರುತ್ತಾಳೆ, ನಾನೂ ಇರುತ್ತೇನೆ. ಕರೆದರೆ ಒಳಗೆ ಬರುತ್ತೇವೆ.

ನಿಮ್ಮ ಮನೆಯಲ್ಲಿ ಚಿನ್ನ ಉಂಟೋ ಇಲ್ಲವೋ ನಾನು ಕೇಳುವುದಿಲ್ಲ. ಇದ್ದರೆ ನೀವೇ ತೆಗೆದು ಕೊಟ್ಟುಬಿಡಿ, ಅದು ಯಾರದೋ ಕೊರಳಿನದು. ಇದ್ದರೂ ಇಲ್ಲದಿದ್ದರೂ ನಿಮ್ಮ ಗೋಡೆ ನಿಮ್ಮದು.

ಕತ್ತಿ, ಕೊಡಲಿ, ಉಳಿ, ಇಂಥವನ್ನು ಹಿಂದಿನ ದಿನವೇ ಪಕ್ಕದ ಮನೆಯಲ್ಲಿ ಕೊಟ್ಟಿಡಿ. ಸಿಟ್ಟು ಬರುತ್ತದೆ. ನನಗೆ ಬಂದಿತ್ತು.

ಕೊನೆಯದಾಗಿ ಒಂದು ಮಾತು. ಬ್ರೇಕರ್ ಹಿಡಿದುಕೊಂಡು ಬರುವವನು ಕಂಪನಿಯವನಲ್ಲ, ದಿನಗೂಲಿಯವನು. ಅವನು ಮಷಿನ್ ಶುರು ಮಾಡುವ ಮೊದಲು ಒಂದು ಲೋಟ ನೀರು ಕೊಟ್ಟು, ನಿನ್ನ ಹೆಸರೇನು ಎಂದು ಕೇಳಿ. ನಾನು ಕೇಳಿರಲಿಲ್ಲ.

ನಿಮ್ಮವ,
ಕಜೆಟನ್ ಮೆಂಡೋನ್ಸಾ